ಕಟ್ಟಿ ಹಾಕಿದ ಹಡಗಿಗೆ ಸರ್ಟಿಫಿಕೇಟು, ಕಡಲಿಗಿಳಿದ ಹಡಗಿಗೆ ಯಾರು?

2012ರ ಅಕ್ಟೋಬರ್ 25, ಗುರುವಾರ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಬಂದರು. ‘ಬೌಂಟಿ’ ಅನ್ನುವ ಮರದ ಹಾಯಿಹಡಗಿನ ಕ್ಯಾಪ್ಟನ್ ತಮ್ಮ ಜನರನ್ನೆಲ್ಲ ಡೆಕ್ಕಿನ ಮೇಲೆ ಸೇರಿಸಿದರು. ದಕ್ಷಿಣದಿಂದ ಸ್ಯಾಂಡಿ ಚಂಡಮಾರುತ ಬರ್ತಾ ಇದೆ, ನಾವು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಡ್ತಾ ಇದ್ದೇವೆ, ಯಾರಿಗಾದರೂ ಬೇಡ ಅನ್ನಿಸಿದರೆ ಈಗಲೇ ಇಳಿದು ಹೋಗಬಹುದು ಅಂದರು. ಯಾರೂ ಇಳಿಯಲಿಲ್ಲ. ಸಂಜೆ ಹದಿನಾರು ಜನರ ಸಮೇತ ಹಡಗು ಹೊರಟಿತು.

29ರ ನಸುಕಿನಲ್ಲಿ, ನಾರ್ತ್ ಕ್ಯಾರೊಲಿನಾದ ಕೇಪ್ ಹ್ಯಾಟರಾಸ್‌ನಿಂದ ನೂರು ಮೈಲಿ ಆಚೀಚೆ ದೂರದಲ್ಲಿ, ಬೌಂಟಿ ಮಗುಚಿತು. ಕೋಸ್ಟ್ ಗಾರ್ಡ್ ಹೆಲಿಕಾಪ್ಟರುಗಳು 14 ಜನರನ್ನು ಎತ್ತಿಕೊಂಡವು. ಸಿಬ್ಬಂದಿಯಲ್ಲಿದ್ದ ಕ್ಲಾಡೀನ್ ಕ್ರಿಶ್ಚಿಯನ್ ತೀರಿಕೊಂಡರು, ಅವರಿಗೆ 42 ವರ್ಷ. ಕ್ಯಾಪ್ಟನ್ ರಾಬಿನ್ ವಾಲ್‌ಬ್ರಿಜ್ ಅವರಿಗೆ 63. ಅವರ ದೇಹ ಸಿಗಲೇ ಇಲ್ಲ.

ಇಷ್ಟು ಓದಿದ ಯಾರೇ ಆಗಲಿ ಮೊದಲು ಹೇಳುವುದು ಒಂದೇ ಮಾತು: ತಪ್ಪು ಕ್ಯಾಪ್ಟನ್ನರದು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, 2014ರ ಫೆಬ್ರವರಿಯಲ್ಲಿ ಕೊಟ್ಟ ವರದಿಯೂ ಅದನ್ನೇ ಹೇಳಿತು. ಎಲ್ಲರಿಗೂ ಮೊದಲೇ ಗೊತ್ತಿದ್ದ ಚಂಡಮಾರುತದ ದಾರಿಗೇ ಹಡಗನ್ನು ನುಗ್ಗಿಸಿದ್ದು ವಿವೇಚನೆ ಇಲ್ಲದ ನಿರ್ಧಾರ, ಅದೇ ಅವಘಡಕ್ಕೆ ಮುಖ್ಯ ಕಾರಣ ಅಂತ. ನನ್ನ ತಕರಾರು ಏನೂ ಇಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಜನ ಬೇಗ ಮರೆತರು: ಹಡಗಿನ ಸಂಸ್ಥೆ ಸುರಕ್ಷತೆಯ ಮೇಲೆ ಸರಿಯಾದ ನಿಗಾ ಇಟ್ಟಿರಲಿಲ್ಲ. ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ.

2012ರ ಹಳೇ ಕಥೆ ಈಗ ಯಾಕೆ ಅಂದರೆ, 2024ರ ಆಗಸ್ಟ್‌ನಲ್ಲಿ ಇಟಲಿಯ ಸಿಸಿಲಿ ಹತ್ತಿರ ‘ಬೇಸಿಯನ್’ ಅನ್ನುವ ಐಷಾರಾಮಿ ಹಾಯಿಹಡಗು ಮುಳುಗಿ ಏಳು ಜನ ಸತ್ತಾಗಿನಿಂದ ಅದೇ ಜಗಳ ಮತ್ತೆ ಶುರುವಾಗಿದೆ. ಕ್ಯಾಪ್ಟನ್ ತಪ್ಪಾ, ಕಟ್ಟಿದವರ ತಪ್ಪಾ, ಗಾಳಿಯ ತಪ್ಪಾ? ಈ ಎರಡು ಹಡಗುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಎರಡಕ್ಕೂ ಕಾಗದಪತ್ರ ಇತ್ತು. ಆದರೆ ಅವು ಮುಳುಗಿದ ದಿನ ಯಾವ ಸ್ಥಿತಿಯಲ್ಲಿದ್ದವೋ ಆ ಸ್ಥಿತಿಯ ಬಗ್ಗೆ ಆ ಕಾಗದಪತ್ರಗಳು ಏನೂ ಹೇಳುತ್ತಿರಲಿಲ್ಲ.

ಮೊದಲು ಬೌಂಟಿ ಏನು ಅಂತ ನೋಡೋಣ. 18ನೇ ಶತಮಾನದಲ್ಲಿ ಅದೇ ಹೆಸರಿನ ಬ್ರಿಟಿಷ್ ಹಡಗು ಇತ್ತಲ್ಲ, ಇದು ಅದಲ್ಲ. 1960ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ಹಾಲಿವುಡ್ ಸಿನಿಮಾ ಒಂದಕ್ಕಾಗಿ ಕಟ್ಟಿದ ನಕಲು. ಕ್ಯಾಮೆರಾ ಇಟ್ಟು ಓಡಾಡಲು ಜಾಗ ಬೇಕು ಅಂತ ಮೂಲ ಹಡಗಿಗಿಂತ ದೊಡ್ಡದಾಗಿಯೇ ಮಾಡಿದ್ದರು. ಸಿನಿಮಾ ಮುಗಿದ ಮೇಲೂ ಅದು ಉಳಿಯಿತು. ಬಂದರಿನಿಂದ ಬಂದರಿಗೆ ಹೋಗುವುದು, ಕಟ್ಟೆಗೆ ಕಟ್ಟಿ ನಿಲ್ಲಿಸಿ ಜನರಿಗೆ ಟಿಕೆಟ್ ಕೊಟ್ಟು ತೋರಿಸುವುದು, ಅದೇ ಅದರ ಜೀವನ. 2012ರ ಹೊತ್ತಿಗೆ ಅದಕ್ಕೆ ಐವತ್ತು ದಾಟಿತ್ತು.

ಕಾನೂನಿನ ತೂತು ಇರುವುದು ಇಲ್ಲೇ. ಕಟ್ಟೆಗೆ ಕಟ್ಟಿ ನಿಲ್ಲಿಸಿದಾಗ ಜನ ಹತ್ತಿ ನೋಡುವ ಹಡಗು ಅಂತ ಕೋಸ್ಟ್ ಗಾರ್ಡ್ ಅದನ್ನು ತಪಾಸಣೆ ಮಾಡುತ್ತಿತ್ತು. ಜನ ಬೀಳದಂತೆ ಕಟಾಂಜನ ಇದೆಯಾ, ಬೆಂಕಿ ಬಿದ್ದರೆ ಹೊರಗೆ ಬರಲು ದಾರಿ ಇದೆಯಾ, ಇಂಥವು. ಅದೇ ಹಡಗು ಹಗ್ಗ ಬಿಚ್ಚಿ ಸಮುದ್ರಕ್ಕೆ ಹೋದರೆ ಖಾಸಗಿ ಮೋಜಿನ ದೋಣಿಗಳ ಲೆಕ್ಕಕ್ಕೆ ಸೇರುತ್ತಿತ್ತು. ದುಡ್ಡು ಕೊಟ್ಟ ಪ್ರಯಾಣಿಕರನ್ನು ಕಡಲಿಗೆ ಒಯ್ಯುವಂತಿಲ್ಲ ಅಷ್ಟೇ. ಒಯ್ಯದಿದ್ದರೆ, ಪ್ರಯಾಣಿಕರ ಹಡಗಿಗೆ ಇರುವಂಥ ಕಟ್ಟುನಿಟ್ಟಾದ ತಪಾಸಣೆಯೂ ಇಲ್ಲ. ಒಳಗೆ ಇರುವ ಹದಿನಾರು ಜನ ಕೆಲಸದವರ ಜೀವ ಪ್ರಯಾಣಿಕರ ಜೀವದಷ್ಟೇ ಬೆಲೆಯದು ಅಂತ ಆ ನಿಯಮ ಬರೆದವರಿಗೆ ಹೊಳೆಯಲಿಲ್ಲವೋ ಏನೋ. ನಿಂತಾಗ ಕಾಯುವವರಿದ್ದರು. ನಡೆದಾಗ ಯಾರೂ ಇರಲಿಲ್ಲ.

ಅದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಡಗು ಮೇನ್ ರಾಜ್ಯದ ಬೂತ್‌ಬೇ ಹಾರ್ಬರ್‌ನಲ್ಲಿ ರಿಪೇರಿಗೆ ನಿಂತಿತ್ತು. ಅಲ್ಲಿನ ಕೆಲಸಗಾರರು ಕೆಲವು ಹಲಗೆ ಬಿಚ್ಚಿದಾಗ ಒಳಗಿನ ಮರ ಕೊಳೆತಿರುವುದು ಕಂಡಿತು. ಒಳಗಿನ ಮರ ಅಂದರೆ ಹಡಗಿನ ಪಕ್ಕೆಲುಬು, ಹೊರಗಿನ ಹಲಗೆಗಳೆಲ್ಲ ನಿಂತಿರುವುದೇ ಅದರ ಮೇಲೆ. ಇನ್ನೂ ಬಿಚ್ಚಿ ನೋಡಬೇಕು ಅಂತ ಯಾರ್ಡಿನವರಿಗೆ ಅನ್ನಿಸಿತ್ತು. ಈಗ ಬೇಡ, ಆಮೇಲೆ ನೋಡೋಣ ಅಂತಾಯಿತು. ಕೊಳೆತದ್ದು ಕಂಡ ಕಡೆ ಬಣ್ಣ ಬಳಿದರು.

ಇನ್ನೊಂದು ಸಣ್ಣ ವಿಷಯ ಇದೆ, ಅದನ್ನು ಓದಿದಾಗ ನನಗೆ ತುಂಬ ಹೊತ್ತು ಬೇರೆ ಏನೂ ತೋಚಲಿಲ್ಲ. ಮರದ ಹಡಗಿನಲ್ಲಿ ಹಲಗೆ ಹಲಗೆಯ ನಡುವೆ ಸಂದು ಇರುತ್ತದೆ. ಆ ಸಂದಿಗೆ ಹತ್ತಿ, ನಾರು ಬಡಿದು ತುಂಬಿ, ಮೇಲೆ ಅಂಟು ಮೆತ್ತುತ್ತಾರೆ, ನೀರು ಒಳಗೆ ಬರದ ಹಾಗೆ. ಕೈಪಳಗಿದವರು ಮಾಡಬೇಕಾದ ಕೆಲಸ ಅದು. ಬೌಂಟಿಯಲ್ಲಿ ಸಿಬ್ಬಂದಿಯೇ ಕೈ ಹಾಕಿದರು. ಅವರು ಬಳಸಿದ್ದರಲ್ಲಿ ಅಂಗಡಿಯಲ್ಲಿ ಸಿಗುವ, ಮನೆ ಕಿಟಕಿಗೆ ಗಾಜು ಕೂರಿಸುವ ಪುಟ್ಟಿ ಕೂಡ ಇತ್ತು ಅಂತ ವಿಚಾರಣೆಯಲ್ಲಿ ಹೊರಬಂತು. ಅಟ್ಲಾಂಟಿಕ್ ಸಾಗರಕ್ಕೂ ಆ ಹದಿನಾರು ಜನಕ್ಕೂ ನಡುವೆ ಇದ್ದ ತಡೆಯಲ್ಲಿ ಅದೂ ಒಂದು.

ಇಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಕ್ಯಾಪ್ಟನ್ ಏನು ಮಾಡಿದರು ಅಂತಲ್ಲ. ಕ್ಯಾಪ್ಟನ್‌ಗೆ ‘ಬೇಡ’ ಅನ್ನುವ ಅಧಿಕಾರ ಯಾರಿಗಿತ್ತು ಅಂತ. ವಾಲ್‌ಬ್ರಿಜ್ 1995ರಿಂದ ಆ ಹಡಗಿನಲ್ಲಿದ್ದವರು, ಹದಿನೇಳು ವರ್ಷ. ಹಡಗು ಅಂದರೆ ಅವರು, ಅವರು ಅಂದರೆ ಹಡಗು ಅನ್ನುವ ಮಟ್ಟಿಗೆ ಆಗಿತ್ತು. ಸಿಬ್ಬಂದಿಗೆ ಅವರ ಮೇಲೆ ನಿಜವಾದ ಗೌರವ, ಪ್ರೀತಿ ಇತ್ತು. ಹಡಗಿನ ಮುಖ್ಯ ಮೇಟ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿ, ಹೊರಡುವ ಮೊದಲು, ಬೇರೆ ದಾರಿ ನೋಡಬಹುದಾ, ಎಲ್ಲಾದರೂ ಬಂದರಿನಲ್ಲೇ ಇರಬಹುದಾ ಅಂತ ಅವರ ಹತ್ತಿರ ಮಾತಾಡಿದ್ದರು. ಮಾತು ಅಲ್ಲಿಗೇ ನಿಂತಿತು.

ಹಡಗು ಕಟ್ಟೆಯಲ್ಲಿರುವುದಕ್ಕಿಂತ ಕಡಲಿನಲ್ಲಿರುವುದೇ ಕ್ಷೇಮ ಅನ್ನುವುದು ಅವರ ವಾದ. ಹಡಗಿನ ಫೇಸ್‌ಬುಕ್ ಪುಟದಲ್ಲೂ ಜನ ಗಾಬರಿಯಿಂದ ಕೇಳಿದಾಗ ಇದೇ ಉತ್ತರ ಬಂತು. ಈ ಮಾತು ಪೂರ್ತಿ ಸುಳ್ಳಲ್ಲ, ಅದೇ ಅದರ ಅಪಾಯ. ಅದೇ ವಾರ ಅಮೆರಿಕದ ನೌಕಾಪಡೆ ಕೂಡ ನಾರ್ಫೋಕ್ ಬಂದರಿನಿಂದ ತನ್ನ ಹಡಗುಗಳನ್ನು ಕಡಲಿಗೆ ಕಳಿಸಿತು. ಆದರೆ ಅವು ಉಕ್ಕಿನ ಹಡಗುಗಳು, ಬಿರುಗಾಳಿಗಿಂತ ಜೋರಾಗಿ ಓಡಿ ಪಾರಾಗಬಲ್ಲವು. ಐವತ್ತು ವರ್ಷದ, ಕೊಳೆತ ಪಕ್ಕೆಲುಬಿನ, ನಿಧಾನಕ್ಕೆ ಸಾಗುವ ಮರದ ಹಡಗಿಗೆ ಆ ಮಾತು ಹೇಗೆ ಹೊಂದುತ್ತದೆ? ಸ್ಯಾಂಡಿಯ ಬಿರುಗಾಳಿ ಹರಡಿದ್ದ ಅಗಲವೇ ಸಾವಿರ ಮೈಲಿಯ ಆಸುಪಾಸು. ಸುತ್ತಿ ಹೋಗುತ್ತೇನೆ ಅಂದರೂ ಸುತ್ತಲು ಜಾಗ ಎಲ್ಲಿ? ಅದೇ ಸಮಯದಲ್ಲಿ ಪಿಕ್ಟನ್ ಕ್ಯಾಸಲ್ ಅನ್ನುವ ಇನ್ನೊಂದು ಹಾಯಿಹಡಗು ಬೌಂಟಿ ಹುಟ್ಟಿದ ಲೂನೆನ್‌ಬರ್ಗ್‌ನಲ್ಲೇ ಲಂಗರು ಎತ್ತದೆ ಕಾದು ಕೂತಿತ್ತು.

ಮೊದಲು ಪೂರ್ವಕ್ಕೆ ದೂರ ಹೋಗಿ ಬಿರುಗಾಳಿಯನ್ನು ಬಿಟ್ಟು ಇಳಿಯುವ ಯೋಚನೆ ಇತ್ತು. ಶನಿವಾರ ಅದು ಬದಲಾಯಿತು. ಹಡಗು ನೈಋತ್ಯಕ್ಕೆ ತಿರುಗಿ ಚಂಡಮಾರುತದ ಮುಂದೆಯೇ ಅಡ್ಡ ಹಾಯಲು ಹೊರಟಿತು.

ಆಮೇಲೆ ನಡೆದದ್ದು ಸಣ್ಣ ಸಣ್ಣ ಸೋಲುಗಳ ಸಾಲು. ಜೋರು ಅಲೆಯಲ್ಲಿ ಮರದ ಒಡಲು ಬಿಲ್ಲಿನ ಹಾಗೆ ಬಾಗುತ್ತದೆ, ಸಂದುಗಳು ಬಿಡುತ್ತವೆ, ನೀರು ಜಾಸ್ತಿ ಬರುತ್ತದೆ. ತಳದಲ್ಲಿ ಸೇರಿದ ನೀರನ್ನು ಎಳೆಯಬೇಕಾದ ಪಂಪುಗಳು ಸರಿಯಾಗಿ ಎಳೆಯಲಿಲ್ಲ. ಹಡಗು ಹೊರಳುವಾಗ ಗಾಳಿ ಹೀರಿಕೊಂಡು ನಿಂತವು, ಕಸ ಸಿಕ್ಕಿಕೊಂಡಿತು. ಎಂಜಿನ್ ಕೋಣೆಯಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ಎಣ್ಣೆ ಎಷ್ಟಿದೆ ಅಂತ ನೋಡುವ ಗಾಜಿನ ಕೊಳವೆ ಇರುತ್ತದಲ್ಲ, ಎಡಗಡೆಯ ಟ್ಯಾಂಕಿನ ಆ ಕೊಳವೆ ಒಡೆಯಿತು. ಎಣ್ಣೆ ಎಲ್ಲ ತಳಕ್ಕೆ ಹರಿದು ಆ ಕಡೆಯ ಎಂಜಿನ್ ನಿಂತಿತು. ಎಂಜಿನ್ ಇಲ್ಲ ಅಂದರೆ ಕರೆಂಟ್ ಕಷ್ಟ. ಕರೆಂಟ್ ಇಲ್ಲ ಅಂದರೆ ಪಂಪಿಲ್ಲ. ಪಂಪಿಲ್ಲ ಅಂದರೆ ನೀರು ಉಳಿದ ಎಂಜಿನ್ನಿನ ತನಕ ಏರುತ್ತದೆ. ಒಂದು ಗಾಜಿನ ಕೊಳವೆ, ಅದಕ್ಕೊಂದು ಗಟ್ಟಿ ರಕ್ಷಣೆ ಇದ್ದಿದ್ದರೆ, ಅಂತ ಅನ್ನಿಸದೇ ಇರಲ್ಲ. ಆದರೆ ಇಂಥದ್ದನ್ನು ಹುಡುಕಿ ಪಟ್ಟಿ ಮಾಡುವುದೇ ಕಡಲ ತಪಾಸಣೆಯ ಕೆಲಸ, ಮತ್ತು ಆ ತಪಾಸಣೆಯೇ ಇರಲಿಲ್ಲ.

ಭಾನುವಾರ ರಾತ್ರಿ ಹಡಗಿನಿಂದ ಸುದ್ದಿ ಹೋದದ್ದು ಮೊದಲು ದಡದ ಆಫೀಸಿಗೆ, ಇಮೇಲ್‌ನಲ್ಲಿ. ಅವರು ಕೋಸ್ಟ್ ಗಾರ್ಡ್‌ಗೆ ಹೇಳಿದರು. ಕ್ಯಾಪ್ಟನ್ ಆಗಲೇ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡಿದ್ದರು. ಬೆಳಗಾಗುವ ತನಕ ಹಡಗಿನಲ್ಲೇ ಇದ್ದು ಬೆಳಕಿನಲ್ಲಿ ಇಳಿಯೋಣ ಅನ್ನುವುದು ಲೆಕ್ಕ. ತಣ್ಣೀರಿನಿಂದ ಕಾಪಾಡುವ ದಪ್ಪ ಸೂಟು ತೊಟ್ಟು ಎಲ್ಲರೂ ಡೆಕ್ಕಿಗೆ ಬಂದಿದ್ದರು. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಹಡಗು ಒಮ್ಮೆಲೇ ಪಕ್ಕಕ್ಕೆ ಉರುಳಿತು. ಜೀವ ಉಳಿಸುವ ತೆಪ್ಪಕ್ಕೆ, ಅಂದರೆ ರಾಫ್ಟಿಗೆ, ಇಳಿಯುವ ಮೊದಲೇ ಎಲ್ಲರೂ ನೀರಿಗೆ ಬಿದ್ದರು, ಹಗ್ಗ, ಮರ, ಪಟಗಳ ಗೋಜಲಿನ ನಡುವೆ.

ಈಗ ಮತ್ತೆ ಆ ಡೆಕ್ಕಿನ ಮೇಲಿನ ಮೀಟಿಂಗಿಗೆ ಬರುತ್ತೇನೆ. ಬೇಕಾದವರು ಇಳಿದು ಹೋಗಬಹುದು ಅಂತ ಹೇಳಿದ್ದರಲ್ಲ, ಅಲ್ಲಿಗೆ ಅವರವರ ಜವಾಬ್ದಾರಿ ಅವರವರದು ಅಲ್ವಾ ಅಂತ ವಾದ ಮಾಡುವವರಿದ್ದಾರೆ. ನಾನು ಇದನ್ನು ಖಡಾಖಂಡಿತವಾಗಿ ಒಪ್ಪುವುದಿಲ್ಲ. ಆ ಜನರಲ್ಲಿ ಹಲವರು ಹೊಸಬರು, ಅಡುಗೆಯವರಂತೂ ಅದೇ ಬಂದರಿನಲ್ಲಿ ಹತ್ತಿದವರು. ಹಡಗಿನ ಪಕ್ಕೆಲುಬು ಎಷ್ಟು ಕೊಳೆತಿದೆ, ಪಂಪು ಎಷ್ಟು ಎಳೆಯುತ್ತದೆ, ಇದೆಲ್ಲ ಪೂರ್ತಿ ಗೊತ್ತಿಲ್ಲದೆ ಒಪ್ಪಿಗೆ ಕೊಡುವುದು ಒಪ್ಪಿಗೆಯೇ? ಮೇಲಾಗಿ, ನಾನು ಇಳಿದರೆ ಉಳಿದವರಿಗೆ ಒಂದು ಜೊತೆ ಕೈ ಕಡಿಮೆ. ಜೊತೆಯಲ್ಲಿ ಉಂಡು ಮಲಗಿದವರನ್ನು ಬಿಟ್ಟು, ಹದಿನೇಳು ವರ್ಷದ ಅನುಭವಿ ‘ಏನೂ ಆಗಲ್ಲ’ ಅನ್ನುವಾಗ, ಗಂಟು ಕಟ್ಟಿಕೊಂಡು ಏಣಿ ಇಳಿಯುವುದು ಎಷ್ಟು ಜನರಿಂದ ಆಗುತ್ತದೆ? ನಮ್ಮ ಊರಿನ ಯಾವ ಕೆಲಸದ ಜಾಗದಲ್ಲೂ ಆಗಲ್ಲ. ಹಿರಿಯರ ಎದುರು ‘ನಾನು ಬರಲ್ಲ’ ಅನ್ನುವುದು ಎಷ್ಟು ಕಷ್ಟ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಳಗಿನವರ ಧೈರ್ಯದ ಮೇಲೆ ನಿಂತ ಸುರಕ್ಷತೆ ಸುರಕ್ಷತೆಯೇ ಅಲ್ಲ. ‘ಬೇಡ’ ಅನ್ನುವ ಮಾತು ದಡದ ಮೇಲಿರುವ, ಹಡಗಿನ ಪ್ರೀತಿಗೆ ಸಿಕ್ಕದ, ಅಧಿಕಾರ ಇರುವ ಒಬ್ಬರಿಂದ ಬರಬೇಕಿತ್ತು. ಮಾಲೀಕ ಸಂಸ್ಥೆ ಆ ಜಾಗದಲ್ಲಿ ಇರಬೇಕಿತ್ತು. 2013ರ ವಿಚಾರಣೆಯಲ್ಲಿ ಮಾಲೀಕರು ಸಾಕ್ಷಿ ಹೇಳದೆ ಮೌನವಾಗಿರುವ ತಮ್ಮ ಸಂವಿಧಾನದ ಹಕ್ಕನ್ನು ಬಳಸಿಕೊಂಡರು. ಅದು ಅವರ ಹಕ್ಕು ಹೌದು. ಆದರೆ ದಡದಲ್ಲಿ ಏನು ಮಾತುಕತೆ ಆಯಿತು ಅಂತ ಅವರ ಬಾಯಿಂದ ಕೇಳುವ ಅವಕಾಶ ಆ ಕುಟುಂಬಗಳಿಗೆ ಅಲ್ಲಿ ಸಿಗಲಿಲ್ಲ.

ಇನ್ನು ಬೇಸಿಯನ್.

ಇದು ಎಲ್ಲದರಲ್ಲೂ ಬೌಂಟಿಗೆ ವಿರುದ್ಧ. 2008ರಲ್ಲಿ ಇಟಲಿಯ ಪೆರಿನಿ ನಾವಿ ಕಟ್ಟಿದ 56 ಮೀಟರ್ ಉದ್ದದ ಹಡಗು, ಬೇಕಾದಷ್ಟು ದುಡ್ಡು, ಒಳ್ಳೆಯ ನಿರ್ವಹಣೆ, ತರಬೇತಾದ ಸಿಬ್ಬಂದಿ, ಎಲ್ಲ ಪ್ರಮಾಣಪತ್ರ. ಪಟ ಕಟ್ಟುವ ಕೂವೆಮರ ಒಂದೇ, ಆದರೆ ಸುಮಾರು 72 ಮೀಟರ್ ಎತ್ತರ. ಇಪ್ಪತ್ತು ಮಹಡಿಯ ಕಟ್ಟಡವನ್ನು ಮೀರುವ ಅಲ್ಯೂಮಿನಿಯಂ ಕಂಬ. 2024ರ ಆಗಸ್ಟ್ 19ರ ನಸುಕಿನಲ್ಲಿ ಪೊರ್ಟಿಚೆಲ್ಲೊ ಊರಿನ ಎದುರು ಲಂಗರು ಹಾಕಿ ನಿಂತಿತ್ತು. ಒಳಗೆ 22 ಜನ. ಪಟಗಳೆಲ್ಲ ಮಡಚಿದ್ದವು. ನಾಲ್ಕು ಗಂಟೆ ದಾಟಿ ಕೆಲವೇ ನಿಮಿಷಕ್ಕೆ ಗಾಳಿ ಒಮ್ಮೆಲೇ ಬಡಿಯಿತು, ಹದಿನೈದು ಸೆಕೆಂಡಿನ ಒಳಗೆ ಹಡಗು ಪೂರ್ತಿ ಪಕ್ಕಕ್ಕೆ, 90 ಡಿಗ್ರಿಗೆ, ಮಲಗಿಬಿಟ್ಟಿತು. ಬ್ರಿಟನ್ನಿನ ಉದ್ಯಮಿ ಮೈಕ್ ಲಿಂಚ್, ಅವರ ಮಗಳು, ಹಡಗಿನ ಅಡುಗೆಯವರು ಸೇರಿ ಏಳು ಜನ ಹೋದರು. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಹಾಯಿಹಡಗಿನವರು ರಾಫ್ಟಿನಲ್ಲಿದ್ದ 15 ಜನರನ್ನು ಕಾಪಾಡಿದರು.

ಹಡಗು ಕಟ್ಟಿದ ಕಂಪನಿಯನ್ನು ಈಗ ನಡೆಸುವ ಇಟಾಲಿಯನ್ ಸೀ ಗ್ರೂಪ್‌ನ ಮುಖ್ಯಸ್ಥರು ಕೆಲವೇ ದಿನಕ್ಕೆ ಹೇಳಿದ್ದು, ಈ ಹಡಗು ಮುಳುಗುವಂಥದ್ದೇ ಅಲ್ಲ, ತಪ್ಪೆಲ್ಲ ಸಿಬ್ಬಂದಿಯದು ಅಂತ. ಕ್ಯಾಪ್ಟನ್ ಮತ್ತು ಇನ್ನಿಬ್ಬರ ಮೇಲೆ ಇಟಲಿಯಲ್ಲಿ ಕ್ರಿಮಿನಲ್ ತನಿಖೆ ಶುರುವಾಯಿತು. ಆ ತನಿಖೆಯ ಬಗ್ಗೆ ನಾನು ತೀರ್ಪು ಕೊಡಲ್ಲ. ಆದರೆ 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸಾಗರ ಅವಘಡ ತನಿಖಾ ಸಂಸ್ಥೆ ಕೊಟ್ಟ ಮಧ್ಯಂತರ ವರದಿ ಓದಿದವರಿಗೆ ಆ ಮೊದಲ ದಿನಗಳ ಮಾತು ಎಷ್ಟು ಅವಸರದ್ದು ಅಂತ ತಿಳಿಯುತ್ತದೆ.

ಪ್ರತಿ ದೊಡ್ಡ ಹಡಗಿನಲ್ಲೂ ಒಂದು ಪುಸ್ತಕ ಇರುತ್ತದೆ. ಯಾವ ಸ್ಥಿತಿಯಲ್ಲಿ ಹಡಗು ಎಷ್ಟು ವಾಲಿದರೂ ಮತ್ತೆ ಎದ್ದು ನಿಲ್ಲುತ್ತದೆ, ಎಷ್ಟಕ್ಕಿಂತ ಜಾಸ್ತಿ ವಾಲಿದರೆ ವಾಪಸ್ ಬರಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ಕ್ಯಾಪ್ಟನ್‌ಗೆ ಹಡಗಿನ ಮಿತಿ ಗೊತ್ತಾಗುವುದೇ ಅದರಿಂದ. ಬೇಸಿಯನ್‌ನ ಪುಸ್ತಕ ಪಟ ಬಿಚ್ಚಿ ಸಾಗುವಾಗಿನ ಮಿತಿಗಳನ್ನು ಹೇಳುತ್ತಿತ್ತು. ಪಟ ಮಡಚಿ, ನೀರಿನ ಕೆಳಗೆ ಇಳಿಸಬಹುದಾದ ಭಾರದ ಹಲಗೆಯನ್ನು ಮೇಲೆತ್ತಿಕೊಂಡು ಸುಮ್ನೆ ನಿಂತಾಗ ಬರೀ ಕೂವೆಮರಕ್ಕೆ ಬಡಿಯುವ ಗಾಳಿ ಏನು ಮಾಡಬಹುದು ಅನ್ನುವುದು ಅದರಲ್ಲಿ ಇರಲಿಲ್ಲ. ತನಿಖೆಯವರು ಆ ಸ್ಥಿತಿಯನ್ನು ಹೊಸದಾಗಿ ಲೆಕ್ಕ ಹಾಕಿಸಿದರು. ಪಕ್ಕದಿಂದ 63.4 ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು 117 ಕಿಲೋಮೀಟರ್‌ಗಿಂತ, ಜೋರಾದ ಗಾಳಿ ಬಡಿದರೆ ಮಗುಚುವ ಸಂಭವ ಇತ್ತು. 70.6 ಡಿಗ್ರಿ ದಾಟಿ ವಾಲಿದರೆ ಮತ್ತೆ ಏಳುವ ಮಾತೇ ಇಲ್ಲ. ಆ ರಾತ್ರಿಯ ಗಾಳಿ 70 ನಾಟ್ ಮೀರಿರಬಹುದು. ಈ ದೌರ್ಬಲ್ಯ ಮಾಲೀಕರಿಗೂ ಗೊತ್ತಿರಲಿಲ್ಲ, ಸಿಬ್ಬಂದಿಗೂ ಗೊತ್ತಿರಲಿಲ್ಲ ಅಂತ ವರದಿ ಹೇಳುತ್ತದೆ.

ಮೊರವನ್ನು ಗಾಳಿಗೆ ಅಡ್ಡ ಹಿಡಿದರೆ ಕೈ ತಿರುಚುತ್ತದೆ, ಅದನ್ನು ಕೆಳಗಿಟ್ಟರೆ ನಿರಾಳ. ಪಟ ಇಳಿಸಿದರೆ ಹಡಗು ಕ್ಷೇಮ ಅಂತ ನಾವು ಅಂದುಕೊಳ್ಳುವುದು ಹೀಗೇ. ಆದರೆ ಇಲ್ಲಿ ಮೊರ ಕೆಳಗಿಟ್ಟ ಮೇಲೂ ಅದರ ಹಿಡಿಕೆಯೇ 72 ಮೀಟರ್ ಎದ್ದು ನಿಂತಿತ್ತು. ಕಾವಲಿಗಿದ್ದ ಹುಡುಗ ಗಾಳಿ ಏರುವುದನ್ನು ನೋಡಿ ಮುಂದಿನ ಬಾಗಿಲು, ಕಿಟಕಿ ಮುಚ್ಚಿದ್ದ. ಹಡಗು ವಾಲಿ ಅಂಚು ಮುಳುಗುವ ತನಕ ಒಳಗೆ ನೀರು ಬಂದ ಸೂಚನೆಯೇ ಇರಲಿಲ್ಲ.

ಬೌಂಟಿಯನ್ನು ನಿಂತಾಗ ನೋಡಿದರು, ನಡೆಯುವಾಗ ನೋಡಲಿಲ್ಲ. ಬೇಸಿಯನ್‌ನನ್ನು ನಡೆಯುವಾಗಿನ ಲೆಕ್ಕಕ್ಕೆ ಅಳೆದರು, ನಿಂತಾಗ ಅಳೆಯಲಿಲ್ಲ. ಒಂದರಲ್ಲಿ ಕ್ಯಾಪ್ಟನ್‌ಗೆ ಅಪಾಯ ಗೊತ್ತಿತ್ತು, ಗೊತ್ತಿದ್ದೂ ಹೋದರು, ತಡೆಯುವವರಿರಲಿಲ್ಲ. ಇನ್ನೊಂದರಲ್ಲಿ ಹಡಗಿನ ಮಿತಿಯೇ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಲೆಕ್ಕ ಹಾಕಿ ಎಂದು ಯಾವ ನಿಯಮವೂ ಒತ್ತಾಯಿಸಿರಲಿಲ್ಲ. ಎರಡನ್ನೂ ಕ್ಯಾಪ್ಟನ್ ತಪ್ಪು ಅನ್ನುವ ಒಂದೇ ಚೀಲಕ್ಕೆ ತುಂಬಿದರೆ ಮುಂದಿನ ಹಡಗಿಗೆ ಏನೂ ಉಪಯೋಗ ಆಗಲ್ಲ.

ಇದನ್ನು ಸರಿ ಮಾಡಲು ಆಗಲ್ಲ ಅಂತೇನಿಲ್ಲ. 1986ರ ಮೇ 14ರಂದು ‘ಪ್ರೈಡ್ ಆಫ್ ಬಾಲ್ಟಿಮೋರ್’ ಅನ್ನುವ ಹಾಯಿಹಡಗು ಪೋರ್ಟೊ ರಿಕೊದ ಉತ್ತರಕ್ಕೆ ದಿಢೀರ್ ಗಾಳಿಗೆ ಸಿಕ್ಕಿ ಮುಳುಗಿತು. ಹನ್ನೆರಡು ಜನರಲ್ಲಿ ನಾಲ್ವರು ಸತ್ತರು, ಕ್ಯಾಪ್ಟನ್ ಸೇರಿ. ಬಾಲ್ಟಿಮೋರ್ ಊರಿನವರು ಎರಡೇ ವರ್ಷಕ್ಕೆ ಇನ್ನೊಂದು ಕಟ್ಟಿದರು. ನೋಡಲು ಹಳೇ ಕಾಲದ್ದೇ, ಆದರೆ ಒಡಲೊಳಗೆ ನೀರು ಒಂದು ಭಾಗದಿಂದ ಇನ್ನೊಂದಕ್ಕೆ ಹರಿಯದಂತೆ ಗೋಡೆಗಳನ್ನು ಹಾಕಿದರು. ಹಳೇ ರೂಪದ ಮೇಲಿನ ಪ್ರೀತಿಯನ್ನೂ ಒಳಗಿರುವವರ ಜೀವವನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದು ಅಂತ ಅವರು ಮಾಡಿಯೇ ತೋರಿಸಿದರು.

ನಮ್ಮ ಕಡಲಿಗೆ ಬಂದರೆ, ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳು ಇಂದಿಗೂ ಇವೆ. ಸಿಮೆಂಟು, ಜಲ್ಲಿ, ತರಕಾರಿ, ಎಲ್ಲ ಅದರಲ್ಲೇ ಹೋಗುವುದು. ಎಂಜಿನ್ ಬಂದು ಎಷ್ಟೋ ಕಾಲ ಆಗಿದ್ದರೂ ಸರ್ಕಾರಿ ಕಾಗದದಲ್ಲಿ ಇವತ್ತಿಗೂ ಅವು ‘ಯಾಂತ್ರೀಕೃತ ಹಾಯಿಹಡಗು’ಗಳೇ. ಮಳೆಗಾಲ ಬಂತೆಂದರೆ ಅವುಗಳ ಓಡಾಟ ನಿಲ್ಲುತ್ತದೆ. ನನಗೆ ಈ ಪದ್ಧತಿ ತುಂಬ ದೊಡ್ಡದಾಗಿ ಕಾಣುವುದು ಇದಕ್ಕೇ: ಅಲ್ಲಿ ‘ಬೇಡ’ ಅನ್ನುವುದು ಕ್ಯಾಲೆಂಡರು. ಮಂಜಿ ನಡೆಸುವ ತಾಂಡೇಲ ಎಷ್ಟೇ ಧೈರ್ಯಶಾಲಿ ಆಗಿರಲಿ, ಸಾಮಾನಿನ ಒಡೆಯ ಎಷ್ಟೇ ಅವಸರ ಮಾಡಲಿ, ಕೆಲಸದ ಹುಡುಗ ಬಾಯಿ ಬಿಡಲು ಎಷ್ಟೇ ಹೆದರಲಿ, ದಿನಾಂಕ ದಾಟಿದ ಮೇಲೆ ಮಂಜಿ ಹೊರಡಲ್ಲ.

ಆದರೆ ದಿನಾಂಕ ಕಾಯುವುದು ಗಾಳಿಮಳೆಯಿಂದ, ಸಂದಿನಿಂದಲ್ಲ. 2025ರ ಮೇ 12ರಂದು ಮಂಗಳೂರಿನಿಂದ ಸಿಮೆಂಟು, ಕಟ್ಟಡದ ಸಾಮಾನು ತುಂಬಿಕೊಂಡು ಕಡಮತ್ ದ್ವೀಪಕ್ಕೆ ಹೊರಟ ‘ಸಲಾಮತ್’ ಅನ್ನುವ ಮಂಜಿ 14ರ ಬೆಳಗಿನ ಜಾವ ಒಳಗೆ ನೀರು ನುಗ್ಗಿ ಮುಳುಗಿತು. ಆರು ಜನ ಒಂದು ಸಣ್ಣ ಡಿಂಗಿಯಲ್ಲಿ ತೇಲುತ್ತಿದ್ದರು. ಆ ದಾರಿಯಲ್ಲಿ ಹೋಗುತ್ತಿದ್ದ ಹಡಗೊಂದು ಅವರನ್ನು ಕಂಡು ಸುದ್ದಿ ಕೊಟ್ಟಿತು, ಕೋಸ್ಟ್ ಗಾರ್ಡ್‌ನ ‘ವಿಕ್ರಮ್’ ಹೋಗಿ ಆರೂ ಜನರನ್ನು ಜೀವಂತ ಕರೆತಂದಿತು. ಪೇಪರಿನಲ್ಲಿ ಬಂದದ್ದು ಆ ಪಾರುಗಾಣಿಕೆಯ ಸುದ್ದಿ. ನನಗೆ ಓದಬೇಕಾಗಿರುವುದು ಅದರ ಮುಂದಿನದು. ನೀರು ಯಾವ ಸಂದಿನಿಂದ ಬಂತು, ಆ ಸಂದನ್ನು ಕೊನೆಯ ಬಾರಿ ಬಡಿದದ್ದು ಯಾವಾಗ, ಪಂಪು ಎಷ್ಟು ಹೊತ್ತು ಓಡಿತು, ತುಂಬಿದ ಭಾರ ಎಷ್ಟು. ಈ ನಾಲ್ಕು ಉತ್ತರ ಹಳೆ ಬಂದರಿನ ಧಕ್ಕೆಯಲ್ಲಿ ಪ್ರತಿ ತಾಂಡೇಲನಿಗೂ ಅವನ ಭಾಷೆಯಲ್ಲಿ ಓದಿ ಹೇಳಬೇಕು, ಮುಂದಿನ ಸೀಸನ್ ಶುರುವಾಗಿ ಮೊದಲ ಮಂಜಿ ಹಗ್ಗ ಬಿಚ್ಚುವುದಕ್ಕೆ ಮುಂಚೆ.